ಮೇಲಿನ ಮನೆಯ ಸೇಬಿನ ಬ್ರೆಡ್

ಮೆಹದಿಪಟ್ಟಣಂನಲ್ಲಿ ನಾನಿದ್ದಾಗ ಮೇಲಿನ ಮನೆಯಲ್ಲಿ ಬೀದರ್ ಕಡೆಯ ಅಕ್ಕ ಒಬ್ಬರಿದ್ದರು. ಯಾವುದೋ ಜ್ವರ ಬಂದು ಹೋದ ಮೇಲೆ ಅವರ ಮೂಗಿಗೆ ಒಂದು ವಾಸನೆಯೂ ತಿಳಿಯದಂತಾಗಿತ್ತು. ತಿಂಗಳುಗಳು ಕಳೆದರೂ ಅದು ಮರಳಿರಲಿಲ್ಲ. ಆದರೂ ಭಾನುವಾರದ ಮಧ್ಯಾಹ್ನ ಸೇಬಿನ ಬ್ರೆಡ್ ಮಾಡುವುದನ್ನು ಅವರು ಬಿಡಲಿಲ್ಲ. ಸೇಬು ತುರಿದು, ಬೆಲ್ಲ, ದಾಲ್ಚಿನ್ನಿ, ಜಾಯಿಕಾಯಿಯ ಪುಡಿ ಹಾಕಿ, ಹಿಟ್ಟನ್ನು ಬಲು ನಿಧಾನವಾಗಿ ಕಲಸಿ ಓವನ್ನಿನಲ್ಲಿಟ್ಟು ನನ್ನನ್ನು ಕರೆಯುತ್ತಿದ್ದರು.

"ತಂಗಿ, ವಾಸನಿ ಹ್ಯಾಂಗೈತಿ ಹೇಳು."

ಈಗ ಬೆಲ್ಲ ಕರಗಿತು, ಈಗ ದಾಲ್ಚಿನ್ನಿಯ ಘಮ ಬಂತು ಎಂದು ನಾನು ಹೇಳುತ್ತಾ ಹೋಗುತ್ತಿದ್ದೆ. ಅವರು ಕಣ್ಣು ಮುಚ್ಚಿ, ಎಲ್ಲೋ ದೂರದ ಬೀದಿಯಲ್ಲಿ ನಡೆಯುತ್ತಿರುವವರಂತೆ ಕೇಳುತ್ತಿದ್ದರು.

ಒಂದು ಭಾನುವಾರ ಬ್ರೆಡ್ಡನ್ನು ಓವನ್ನಿನಲ್ಲಿಟ್ಟು ಮಾತಾಡುತ್ತಾ ಇಬ್ಬರೂ ಬಾಲ್ಕನಿಯಲ್ಲೇ ಮೈಮರೆತೆವು. ಅಂದು ನನಗೆ ನೆಗಡಿಯಾಗಿ ಮೂಗು ಕಟ್ಟಿತ್ತು. ಅಕ್ಕ ತಟ್ಟನೆ ಮಾತು ನಿಲ್ಲಿಸಿದರು.

"ಏನೋ ಹೊತ್ತಿದ ವಾಸನಿ ಬರಾಕತ್ತೈತಿ."

ಹೇಳಿದ ಮೇಲಷ್ಟೇ ತಾನು ಹೇಳಿದ್ದು ಏನೆಂದು ಅವರಿಗೆ ತಿಳಿಯಿತು. ನನ್ನ ಮುಖವನ್ನೇ ನೋಡಿದರು. "ನಿನಗೂ ಬಂತೇನು?" ಎಂದರು.

"ಇಲ್ಲ ಅಕ್ಕ, ನಿಮಗೇ ಬಂದದ್ದು," ಎಂದೆ.

ಒಳಗೆ ಹೋಗಿ ಓವನ್ ತೆರೆದರೆ ಬ್ರೆಡ್ಡಿನ ತಳವೆಲ್ಲ ಕಪ್ಪಾಗಿತ್ತು. ಸುಟ್ಟ ಭಾಗವನ್ನು ಕತ್ತರಿಸಿ ಎಸೆಯಲು ಹೋದೆ. "ಇರಲಿ, ಕೊಡು," ಎಂದು ಕೈ ಚಾಚಿದರು. ಅಕ್ಕ ಕಿಟಕಿಯ ಬಿಸಿಲಲ್ಲಿ ಕುಳಿತು, ಆ ಕರಿ ತುಂಡನ್ನು ಮೂಗಿಗೆ ಹಿಡಿದುಕೊಂಡು, ಸಂಜೆಯ ಬೆಳಕು ಗೋಡೆಯಿಂದ ಇಳಿದು ಹೋಗುವವರೆಗೂ ಅಲ್ಲಿಂದ ಏಳಲಿಲ್ಲ.