ಬಾವಿಯ ನೀರು ಮೂಸಿದವಳು

ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲುಗಳನ್ನು ದಿನಾ ಬೆಳಿಗ್ಗೆ ಫಿನಾಯಿಲ್ ಹಾಕಿ ಒರೆಸುತ್ತಾರೆ. ಎದುರುಮನೆಯಾಕೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಇಳಿದು ಹೋಗುತ್ತಾರೆ. ನಾನು ಮಾತ್ರ ಬಾಗಿಲು ತೆರೆದು ನಿಲ್ಲುತ್ತೇನೆ. ಹುಟ್ಟಿದಾಗಿನಿಂದ ನನ್ನದು ನೆಗಡಿಯ ಮೂಗು. ಅದಕ್ಕೆ ಮಲ್ಲಿಗೆಯೂ ಒಂದೇ, ಮೆಂತ್ಯವೂ ಒಂದೇ. ಫಿನಾಯಿಲ್ ಮಾತ್ರ ಹೇಗೋ ದಾರಿ ಮಾಡಿಕೊಂಡು ಒಳಗೆ ಬರುತ್ತದೆ. ಬರುವಾಗ ಅವಳನ್ನೂ ಕರೆತರುತ್ತದೆ... ಏಳನೇ ಕ್ಲಾಸಿನಲ್ಲಿ ನನ್ನ ಬೆಂಚಿನಲ್ಲಿ ಪಕ್ಕಕ್ಕೆ ಕೂರುತ್ತಿದ್ದವಳನ್ನು. ಪ್ರೀತಿಯಿಂದ ನೆನೆಯುತ್ತಿದ್ದೇನೆ ಎಂದು ಯಾರೂ ತಿಳಿಯಬೇಡಿ. ಅವಳ ಮೇಲೆ ನನಗಿದ್ದದ್ದು ಹೊಟ್ಟೆಕಿಚ್ಚು. ಆಗಲೂ ಇತ್ತು, ಈಗಲೂ ಇದೆ.

ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮ ಮನೆ ತ್ಯಾಗರಾಜನಗರದಲ್ಲಿತ್ತು. ಮನೆಮನೆಗೆ ಕೊಳಾಯಿ ಬಂದಿದ್ದರೂ ಬೀದಿಯ ಅರ್ಧ ಜನ ಕುಡಿಯುವ ನೀರಿಗೆ ನಮ್ಮ ಹಿತ್ತಲ ಬಾವಿಗೇ ಬರುತ್ತಿದ್ದರು. ಆ ನೀರಿನಲ್ಲಿ ಬೇಳೆ ಬೆಣ್ಣೆಯ ಹಾಗೆ ಬೇಯುತ್ತದೆ ಎಂದು ಹೆಸರಿತ್ತು. ಬಾವಿಯ ಯಜಮಾನಿಕೆ ಅಜ್ಜಿಯದು. ಬೆಳಿಗ್ಗೆ ಮಡಿಯುಟ್ಟು ಮೊದಲ ಕೊಡವನ್ನು ಅವಳೇ ಸೇದಬೇಕು, ಉಳಿದವರೆಲ್ಲ ಆಮೇಲೆ. ನನಗಂತೂ ಹಗ್ಗ ಮುಟ್ಟಲು ಒಂದು ದಿನವೂ ಬಿಟ್ಟವಳಲ್ಲ. "ಮೂಗು ಒರೆಸ್ಕೊಂಡ ಕೈಲಿ ಮುಟ್ಬೇಡ್ವೇ" ಎನ್ನುತ್ತಿದ್ದಳು. ಮುದ್ದಿಗೇನೂ ಕಡಿಮೆಯಿರಲಿಲ್ಲ. ಕೈತುತ್ತು ಹಾಕುವಾಗ ಮೊದಲ ತುತ್ತು ನನ್ನದೇ, ಮಲಗುವುದು ಅವಳ ಪಕ್ಕದಲ್ಲೇ. ಆದರೂ ಆ ಹಗ್ಗದ ಮೇಲೆ ನನಗೆ ಆಸೆಯಿತ್ತು.

ಬೆಂಚಿನವಳು ಹೊಸಕೆರೆಹಳ್ಳಿಯಿಂದ ನಡೆದುಕೊಂಡು ಬರುತ್ತಿದ್ದಳು. ಕೆರೆಯ ಕೆಳಗೆ ಅವರದು ಸೊಪ್ಪಿನ ತೋಟ. ಎಣ್ಣೆ ಸುರಿಯುವ ಎರಡು ಜಡೆ, ಜೋರು ಬಾಯಿ, ತನಗೆ ಎಲ್ಲ ಗೊತ್ತು ಎನ್ನುವ ಗತ್ತು. ಓದಿನಲ್ಲಿ ನಾನೇ ಮುಂದಿದ್ದುದರಿಂದ ಮೊದಮೊದಲು ಅವಳ ಗತ್ತನ್ನು ನಾನು ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ. ಲೆಕ್ಕಕ್ಕೆ ಇಟ್ಟುಕೊಳ್ಳುವ ಹಾಗಾದದ್ದು ಹೊಸ ಸೈನ್ಸ್ ಮಿಸ್ ಬಂದ ಮೇಲೆ.

ಮಿಸ್‌ಗೆ ಪುಸ್ತಕದ ಪಾಠ ಸಾಕಾಗುತ್ತಿರಲಿಲ್ಲ. ನಾವು ಕುಡಿಯುವ ನೀರು ಹೇಗಿದೆ ಎಂದು ನಾವೇ ನೋಡಬೇಕು, ಎಲ್ಲರೂ ಮನೆಯಿಂದ ಒಂದೊಂದು ಶೀಸೆ ನೀರು ತನ್ನಿ ಎಂದರು. ತಂದೆವು. ಸೋಪಿನ ಚೂರು ಹಾಕಿ ಅಲ್ಲಾಡಿಸಿ ನೊರೆ ಎಷ್ಟು ಬರುತ್ತದೆ ನೋಡಿದೆವು. ನೀರು ಗಡಸೋ ಮೆದುವೋ ನೊರೆಯಲ್ಲಿ ತಿಳಿಯುತ್ತಿತ್ತು. ಈ ಕೆಲಸದಲ್ಲಿ ನಾನು ಚುರುಕಾಗಿದ್ದೆ. ಅಷ್ಟರಲ್ಲಿ ಇವಳು ಒಂದು ಶೀಸೆಯ ಮುಚ್ಚಳ ತೆಗೆದು ಮೂಸಿ, "ಇದು ಕೊಳಾಯಿ ನೀರು ಮಿಸ್, ಬ್ಲೀಚಿಂಗ್ ಪೌಡರ್ ವಾಸನೆ" ಎಂದಳು. ಇನ್ನೊಂದನ್ನು ಮೂಸಿ, "ಇದ್ರಲ್ಲಿ ಬೇವಿನೆಲೆ ಬಿದ್ದು ಕೊಳೆತಿದೆ" ಎಂದಳು. ಎರಡೂ ಸರಿಯಾಗಿದ್ದವು. ಮಿಸ್ ತಮ್ಮ ಕರ್ಚೀಫಿನಿಂದ ಅವಳ ಕಣ್ಣು ಕಟ್ಟಿ ಶೀಸೆಗಳನ್ನು ಅದಲುಬದಲು ಮಾಡಿ ಕೊಟ್ಟರು. ಆಗಲೂ ತಪ್ಪಲಿಲ್ಲ. ಇಡೀ ಕ್ಲಾಸು ಅವಳ ಸುತ್ತ ನಿಂತಿತು. ನಾನು ಮಾಡಿದ ನೊರೆ ಮೇಜಿನ ಮೇಲೆ ಹಾಗೇ ಇಳಿದುಹೋಯಿತು. ಹೊಟ್ಟೆಯೊಳಗೆ ಸಣ್ಣಗೆ ಉರಿ ಹತ್ತಿದ್ದು ಆ ದಿನ.

ಕೊನೆಗೆ ನಮ್ಮ ಮನೆಯ ಶೀಸೆ ತೆಗೆದುಕೊಂಡಳು. ಮೂಸಿದಳು, ಮತ್ತೆ ಮೂಸಿದಳು. ಇನ್ನೇನು ಹೊಗಳುತ್ತಾಳೆ ಎಂದು ನಾನು ಕಾದಿದ್ದೆ. "ಇದ್ರಲ್ಲಿ ಕಕ್ಕಸು ಗುಂಡಿ ವಾಸನೆ ಇದೆ ಮಿಸ್" ಎಂದಳು. ಹುಡುಗಿಯರೆಲ್ಲ ಕಿಸಕ್ಕೆಂದರು. ನಮ್ಮ ಬಾವಿಯ ನೀರಿಗೆ ಹೀಗೆ ಹೇಳುವುದೆಂದರೆ ನಮ್ಮ ಅಜ್ಜಿಗೇ ಹೇಳಿದ ಹಾಗೆ. ಮನೆಗೆ ಹೋಗಿ ಒಂದಕ್ಕೆರಡು ಸೇರಿಸಿ ಚಾಡಿ ಹೇಳಿದೆ. ಅಜ್ಜಿಗೆ ಮೂಗಿನ ತುದಿಯಲ್ಲೇ ಕೋಪ; ಸ್ಕೂಲಿಗೇ ಬಂದು ಅವಳ ಜನ್ಮ ಜಾಲಾಡುತ್ತಾಳೆ ಎಂದುಕೊಂಡಿದ್ದೆ. ಅಜ್ಜಿ ಅಕ್ಕಿ ಆರಿಸುತ್ತಿದ್ದ ಮೊರವನ್ನು ಪಕ್ಕಕ್ಕೆ ಇಟ್ಟಳು.

"ಆ ಹುಡುಗೀನ ನಾಳೆ ಕರ್ಕೊಂಡ್ ಬಾ" ಎಂದಳು.

ಮರುದಿನ ಅವಳು ಬಂದಳು. ಧೂಳು ಮೆತ್ತಿದ ಕಾಲಿನಲ್ಲೇ ಬಾವಿಕಟ್ಟೆಯ ಹತ್ತಿರ ನಿಂತಳು. ಅಜ್ಜಿ ಅವಳ ಕುಲ ಕೇಳಲಿಲ್ಲ, ಕಾಲು ತೊಳೆದು ಬಾ ಎನ್ನಲಿಲ್ಲ. ಹಗ್ಗವನ್ನು ಅವಳ ಕೈಗೆ ಕೊಟ್ಟು, "ನೀನೇ ಸೇದಿ ನೋಡು ಮಗು" ಎಂದಳು. ಆಫೀಸಿನಿಂದ ಆಗಷ್ಟೇ ಬಂದಿದ್ದ ಅಪ್ಪ ಬಾಯಿ ಬಿಟ್ಟುಕೊಂಡು ನಿಂತರು. ನನಗೆ ಕಣ್ಣಲ್ಲಿ ನೀರು ಬಂತು. ಅವಳು ಕೊಡಕ್ಕೆ ಮುಖ ಇಟ್ಟು ಮೂಸಿ, "ಹೌದಜ್ಜಿ, ಇದೆ" ಎಂದಳು.

"ಮಳೆಗಾಲದಿಂದ ಬಡ್ಕೋತಿದೀನಿ. ನಿನ್ನ ಮೂಗಿಗೂ ವಯಸ್ಸಾಯ್ತಮ್ಮ ಅಂತಾನೆ ನನ್ನ ಮಗ" ಎಂದು ಅಜ್ಜಿ ಅವಳ ಕೈ ಹಿಡಿದುಕೊಂಡಳು.

ಆಗ ತಿಳಿಯಿತು. ನಮ್ಮ ಕ್ರಾಸಿಗೆ ಇನ್ನೂ ಒಳಚರಂಡಿ ಬಂದಿರಲಿಲ್ಲ. ಅಪ್ಪ ಹಿಂದಿನ ವರ್ಷ ಹೊಸ ಕಕ್ಕಸು ಕಟ್ಟಿಸಿ, ಅದರ ಗುಂಡಿಯನ್ನು ಬಾವಿಯಿಂದ ಹತ್ತಾರು ಹೆಜ್ಜೆ ಈಚೆಗೇ ತೋಡಿಸಿದ್ದರು. ಬೇಡ ಎಂದು ಅಜ್ಜಿ ಆಗಲೇ ಹೇಳಿದ್ದಳಂತೆ. ಕೊಳಾಯಿ ನೀರು ಮಡಿಗೆ ಬರುವುದಿಲ್ಲ ಎನ್ನುತ್ತಿದ್ದವಳು ಯಾವುದೋ ವ್ರತವೆಂದು ಹೇಳಿ ಕೆಲವು ತಿಂಗಳಿಂದ ಕೊಳಾಯಿ ನೀರನ್ನೇ ಕುಡಿಯುತ್ತಿದ್ದಳು. ನೆಗಡಿಯ ನೆಪ ಹೇಳಿ ನನಗೆ ಕಾಯಿಸಿದ ನೀರನ್ನೇ ಕೊಡುತ್ತಿದ್ದಳು. ನೀರಿಗೆ ಬರುವವರಿಗೆಲ್ಲ ಕಾಯಿಸಿ ಕುಡಿಯಿರಿ ಎನ್ನುತ್ತಿದ್ದಳು, ಅವರು ನಗುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಅಜ್ಜಿಯ ಮಾತಿಗೆ ಅದೇ ಗತಿಯಾಗಿತ್ತು. ಇದೆಲ್ಲ ಸರಿ... ಆದರೆ ರಾತ್ರಿ ಪಕ್ಕದಲ್ಲಿ ಮಲಗುವ ನನಗೆ ಒಂದು ಮಾತು ಹೇಳಬಾರದಿತ್ತೇ? ನಿನ್ನೆ ಮೊನ್ನೆ ಸಿಕ್ಕವಳಿಗೆ ಹೇಳಿದಳು.

ಅಪ್ಪ ಸುಲಭಕ್ಕೆ ಒಪ್ಪುವವರಲ್ಲ. ನೆಲದೊಳಗೆ ಅಷ್ಟು ದೂರ ಏನೂ ಹರಿಯುವುದಿಲ್ಲ, ಕೊಳೆತ ಎಲೆಯ ವಾಸನೆ ಅದು ಎಂದು ವಾದಿಸಿದರು. "ನಮ್ ತೋಟದಲ್ಲಿ ಮೇಲಿನ ಪಾತಿಗೆ ನೀರು ಬಿಟ್ರೆ ಕೆಳಗಿನ ಪಾತಿ ಒದ್ದೆ ಆಗುತ್ತೆ ಅಂಕಲ್" ಎಂದಳು ಬೆಂಚಿನವಳು. ಬೇಕಾದರೆ ಕಕ್ಕಸಿಗೆ ಫಿನಾಯಿಲ್ ಹುಯ್ದು ನೋಡಿ, ಬಾವಿಗೆ ಬಂದರೆ ಗೊತ್ತಾಗುತ್ತದೆ ಎಂದೂ ಹೇಳಿದಳು. ಅಪ್ಪನಿಗೆ ತಮ್ಮ ಮೇಲೆ ಎಷ್ಟು ನಂಬಿಕೆಯೆಂದರೆ ತಾವೇ ಅಂಗಡಿಗೆ ಹೋಗಿ ತಂದು, ಶೀಸೆ ಶೀಸೆಯೇ ಸುರಿದರು.

ಒಂದು ವಾರ ಕಳೆದಿರಬೇಕು. ಮಿಸ್ ಬಂದರು, ಕ್ಲಾಸಿನ ಕೆಲವರು ಬಂದರು. ಕೊಡ ಮೇಲೆ ಬಂತು. ಅವಳು ಮೂಸಿ ನಕ್ಕಳು, ಅಜ್ಜಿ ಮೂಸಿ ತಲೆಯಾಡಿಸಿದಳು. ಅಪ್ಪ ಮೂಸಿ, ಏನೋ ಸ್ವಲ್ಪ ಇದ್ದ ಹಾಗಿದೆ, ಇಲ್ಲದ ಹಾಗೂ ಇದೆ ಎಂದು ರಾಗ ಎಳೆದರು. ಆಗ ನಾನು ಬಗ್ಗಿದೆ. ನನ್ನ ಮೂಗಿಗೂ ಘಮ್ಮೆಂದು ಹೊಡೆಯಿತು.

"ಇವಳಿಗೇ ಬಂತು ಅಂದ್ಮೇಲೆ ಇನ್ನೇನು ಉಳೀತೋ" ಎಂದಳು ಅಜ್ಜಿ. ಅಪ್ಪ ಸೋತರು. ನ್ಯಾಯವಾಗಿ ನೋಡಿದರೆ ಅಪ್ಪನ ಬಾಯಿ ಮುಚ್ಚಿಸಿದ್ದು ನನ್ನ ಮೂಗು. ಆದರೆ ಅಜ್ಜಿ ನೆಟಿಕೆ ಮುರಿದು ದೃಷ್ಟಿ ತೆಗೆದದ್ದು ಅವಳಿಗೆ.

ಆಮೇಲೆ ಮಿಸ್ ನಮ್ಮನ್ನೆಲ್ಲ ಬೀದಿಗಿಳಿಸಿದರು. ಫಿನಾಯಿಲ್ ಶೀಸೆ ಹಿಡಿದು ಬಾವಿಯಿದ್ದ ಮನೆಗಳಿಗೆಲ್ಲ ಹೋದೆವು. ಗುಂಡಿ ಬಾವಿಯಿಂದ ದೂರ ಇರಬೇಕು, ಬದಲಾಯಿಸುವವರೆಗೆ ನೀರು ಕಾಯಿಸಿ ಕುಡಿಯಿರಿ ಎಂದು ಹೇಳಿದೆವು. ಕೆಲವರು ಕೋಸಂಬರಿ ಕೊಟ್ಟು ಕೇಳಿದರು, ಕೆಲವರು ಬೈದು ಬಾಗಿಲು ಹಾಕಿದರು. ಮಕ್ಕಳಿಗೆ ಮೇಲಿಂದ ಮೇಲೆ ವಾಂತಿಭೇದಿ ಆಗುತ್ತಿದ್ದ ಒಂದು ಮನೆಯವರು ಗುಂಡಿಯನ್ನೇ ಬದಲಾಯಿಸಿದರು. ಸ್ಕೂಲ್ ಡೇ ದಿನ ಮಿಸ್ ಈ ವಿಷಯ ಮಾತಾಡಲು ಅವಳನ್ನು ವೇದಿಕೆ ಹತ್ತಿಸಿದರು. ಪಕ್ಕದಲ್ಲಿ ಶೀಸೆ ಎತ್ತಿ ಹಿಡಿದು ನಿಂತವಳು ನಾನು. ಅಜ್ಜಿ ರೇಷ್ಮೆ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ಅವಳ ಕಣ್ಣು ಒಮ್ಮೆಯಾದರೂ ನನ್ನ ಕಡೆ ತಿರುಗೀತು ಎಂದು ನೋಡುತ್ತಲೇ ಇದ್ದೆ... ಕೊಬ್ಬರಿ ಮಿಠಾಯಿ ಮಾಡಿದ ದಿನವೂ ಬೆಂಚಿನವಳ ಪಾಲು ತೆಗೆದಿಟ್ಟ ಮೇಲೆಯೇ ನನ್ನ ಪಾಲು.

ಅಪ್ಪ ಹಳೆಯ ಗುಂಡಿ ಮುಚ್ಚಿಸಿ ಮನೆಯ ಮುಂದುಗಡೆ ಹೊಸದು ತೋಡಿಸಿದರು. ಬಾವಿಯ ನೀರೆಲ್ಲ ತೆಗೆಸಿ, ಹೂಳೆತ್ತಿಸಿದರು. ಒಂದು ಮಳೆಗಾಲ ಕಳೆಯಲಿ, ಆಮೇಲೆ ನೋಡೋಣ ಎಂದರು ಮಿಸ್. ಬೇಸಿಗೆ ರಜೆ ಬಂತು. ಜೂನಿನಲ್ಲಿ ಸ್ಕೂಲು ಬಾಗಿಲು ತೆರೆದಾಗ ನನ್ನ ಬೆಂಚಿನಲ್ಲಿ ನಾನೊಬ್ಬಳೇ. ಅವರ ತೋಟ ಲೇಔಟಿಗೆ ಹೋಯಿತು, ಮಾಗಡಿ ಕಡೆಯ ನೆಂಟರ ಊರಿಗೆ ಹೊರಟುಹೋದರು ಎಂದು ಯಾರೋ ಹೇಳಿದರು. ನಿಜ ಹೇಳುತ್ತೇನೆ, ಮೊದಲ ದಿನ ನನಗೆ ಹಾಯೆನಿಸಿತು.

ಮಳೆಗಾಲ ಮುಗಿದು ಬಾವಿ ತುಂಬಿತು. ಅಪ್ಪ ಮೂಸಿ ನೋಡಿ ಕುಡಿದರು, ಮಿಸ್ ನೋಡಿ ಚೆನ್ನಾಗಿದೆ ಎಂದರು. ಬೀದಿಯವರು ಮತ್ತೆ ಕೊಡ ಹಿಡಿದು ಬಂದರು. ಅಜ್ಜಿ ಮಾತ್ರ ಮುಟ್ಟಲಿಲ್ಲ. ತನ್ನ ಮೂಗಿನಲ್ಲಿ ಆ ವಾಸನೆ ಕೂತುಬಿಟ್ಟಿದೆ, ಇದ್ದರೂ ಬರುತ್ತದೆ ಇಲ್ಲದಿದ್ದರೂ ಬರುತ್ತದೆ, ಆ ಹುಡುಗಿ ಬಂದು ಹೇಳಲಿ ಎಂದಳು. ನಾನು ಲೋಟ ತುಂಬಿಸಿಕೊಂಡು ಹೋಗಿ, ವಾಸನೆ ಇಲ್ಲ ಕುಡಿ ಎಂದು ಎಷ್ಟು ಸಲ ಹೇಳಿದೆನೋ. "ನಿನ್ನ ಮೂಗು ನಂಬ್ಕೊಂಡು ನೀರು ಕುಡಿಯೋಕಾಗುತ್ತೇನೇ" ಎಂದು ಕೆನ್ನೆ ಹಿಂಡುತ್ತಿದ್ದಳು. ಅಪ್ಪ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊಸಕೆರೆಹಳ್ಳಿಗೆ ಹೋದರು. ಸೊಪ್ಪಿನ ಪಾತಿಗಳಿದ್ದ ಕಡೆ ಸೈಟಿನ ಗುರುತಿನ ಕಲ್ಲುಗಳಿದ್ದವು. ಮಾಗಡಿ ಕಡೆ ಯಾವ ಊರು ಎಂದು ಹೇಳುವವರು ಯಾರೂ ಸಿಗಲಿಲ್ಲ.

ಅಜ್ಜಿ ಎಂಬತ್ತರ ದಶಕದ ಶುರುವಿನಲ್ಲಿ ಹಾಸಿಗೆ ಹಿಡಿದಳು. ಕೊನೆಯ ದಿನ ನಾನು ಬಾವಿಯ ನೀರನ್ನು ಚಮಚದಲ್ಲಿ ತುಟಿಗೆ ಹಿಡಿದೆ. ಕುಡಿಯಲಿಲ್ಲ. "ಅವಳು ನೋಡಿದ್ಲೇನೇ?" ಎಂದು ಕೇಳಿದಳು. ನೋಡಿದಳು ಅಜ್ಜಿ, ಈಗ ವಾಸನೆ ಇಲ್ಲವಂತೆ ಎಂದೆ. ಅಜ್ಜಿ ಬಾಯಿ ತೆರೆದಳು. ಚಮಚ ಚಮಚವಾಗಿ ಅರ್ಧ ಲೋಟ ಕುಡಿದು, ಸಿಹಿಯಾಗಿದೆ ಎಂದಳು.

ಆ ಮನೆ ಈಗ ಬೇರೆಯವರದು, ಬಾವಿಯ ಮೇಲೆ ಚಪ್ಪಡಿ ಹಾಕಿದ್ದಾರೆ. ಅವಳು ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ... ಹೊಸಕೆರೆಹಳ್ಳಿ ಕಡೆ ಹೋದಾಗ ನನ್ನ ವಯಸ್ಸಿನ ಹೆಂಗಸರ ಮುಖಗಳನ್ನು ಇವತ್ತಿಗೂ ಹುಡುಕುತ್ತೇನೆ. ಸಿಕ್ಕರೆ ತಬ್ಬಿಕೊಳ್ಳುತ್ತೇನೋ ಜಗಳಕ್ಕೆ ನಿಲ್ಲುತ್ತೇನೋ ನನಗೇ ಗೊತ್ತಿಲ್ಲ. ನಮ್ಮ ಅಜ್ಜಿ ಕೊನೆಯ ನೀರನ್ನು ಕುಡಿದದ್ದು ನನ್ನ ಕೈಯಿಂದ, ನಂಬಿದ್ದು ಅವಳ ಮಾತನ್ನು. ಆ ಮಾತನ್ನು ಅವಳು ಆಡಿಯೂ ಇರಲಿಲ್ಲ.