ಮಾಲೀಶ್ ಸಮೇತ

ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದ ನಮ್ಮ ವಯಸ್ಸಿನವರ ತಲೆಗಳೆಲ್ಲ ಒಂದು ಕಾಲಕ್ಕೆ ಮಶಾಕ ಚಾಚಾ ಅವರ ಕೈಯಲ್ಲಿದ್ದವು. ಸ್ಟೇಷನ್ ರಸ್ತೆಯಲ್ಲಿ ಅವರ ಕಟಿಂಗ್ ಅಂಗಡಿ. ಕಟಿಂಗ್ ಮಾಡಿಸಿದವರಿಗೆ ಕೊನೆಯಲ್ಲಿ ಕೊಬ್ಬರಿ ಎಣ್ಣೆ ಹಚ್ಚಿ ತಲೆ ಮಾಲೀಶ್; ಅದಕ್ಕೆ ಬೇರೆ ದರವಿಲ್ಲ. ಬರೀ ಮಾಲೀಶ್ ಸಾಕೆಂದು ಯಾರಾದರೂ ಬಂದು ಕೂತರೆ ಎಬ್ಬಿಸಿ ಕಳಿಸುತ್ತಿದ್ದರು.

"ಮಾಲೀಶ್ ಮಾರೋ ಚೀಜ್ ಅಲ್ರಿ. ಕಟಿಂಗ್ ಜೋಡಿ ಬರ್ತದ, ಅಷ್ಟೇ."

ದುಪ್ಪಟ್ಟು ಕೊಡುತ್ತೇನೆಂದ ಗಾರ್ಡ್ ಸಾಹೇಬರಿಗೂ ಇದೇ ಮಾತು. ಆದರೆ ಡ್ಯೂಟಿಗೆ ಹೊತ್ತಾಯಿತೆಂದು ನಮ್ಮಪ್ಪ ದಾಡಿಯಷ್ಟೇ ಮಾಡಿಸಿಕೊಂಡು ಎದ್ದರೆ ದಾಡಿಯ ರೊಕ್ಕ ಮಾತ್ರ ತಗೊಳ್ಳುತ್ತಿದ್ದರು. ಆ ಎಣ್ಣೆ, ಆ ಬೆರಳು ನೆನಪಾದರೆ ನನಗೆ ಈಗಲೂ ಹಾಯೆನಿಸುತ್ತದೆ.

ಈಗ ನಾನು ಅದೇ ಊರಿನ ಬ್ಯಾಂಕಿನಲ್ಲಿ ಕ್ಯಾಶಿಯರ್. ತಲೆ ಪೂರ್ತಿ ಬೋಳು. ಚಾಚಾಗೆ ಕೈ ನಡುಗುತ್ತದೆಂದು ಅಂಗಡಿಯನ್ನು ಮೊಬೈಲ್ ರಿಪೇರಿಯವರಿಗೆ ಬಾಡಿಗೆ ಕೊಟ್ಟಿದ್ದಾರೆ. ಬಾಡಿಗೆ ಖಾತೆಗೆ ಬೀಳುತ್ತದೆ. ತಿಂಗಳಿಗೊಮ್ಮೆ ಬಂದು ಪಾಸ್‌ಬುಕ್ಕಿನಲ್ಲಿ ಎಂಟ್ರಿ ಹಾಕಿಸಿ, ಖರ್ಚಿಗೆ ಬೇಕಾದಷ್ಟು ತೆಗೆದುಕೊಂಡು ಹೋಗುತ್ತಾರೆ.

ಹೋದ ವರ್ಷ ನಮ್ಮ ಬ್ಯಾಂಕು ಒಂದು ಪ್ಯಾಕೇಜು ಹೊರಡಿಸಿತು. ಕಾರ್ಡು, ಮೆಸೇಜು, ವಿಮೆ, ಚೆಕ್‌ಬುಕ್ ಎಲ್ಲ ಸೇರಿ ಒಂದೇ ಶುಲ್ಕ. ಒಂದು ಬೇಕು, ಒಂದು ಬೇಡ ಅನ್ನುವ ಹಾಗಿಲ್ಲ. ಸಿಕ್ಕಸಿಕ್ಕವರಿಗೆ ಅಂಟಿಸಿರೆಂದು ಮೇಲಿನಿಂದ ಹುಕುಂ. ಮೈಯೆಲ್ಲ ಉರಿಯುತ್ತಿತ್ತು ನನಗೆ. ನಾನು ರಜೆಯಲ್ಲಿದ್ದಾಗ ಚಾಚಾ ಅವರಿಂದಲೂ ಯಾರೋ ಸಹಿ ಹಾಕಿಸಿಕೊಂಡಿದ್ದರು.

ಮೊನ್ನೆ ಬಂದವರು ಪಾಸ್‌ಬುಕ್ ಕೈಯಲ್ಲೇ ಹಿಡಿದು ನಿಂತರು. "ಸಂಘಪಾಲ, ಖಾತಿ ಬಂದ್ ಮಾಡಿಬಿಡು ಬೇಟಾ."

"ಯಾಕ್ರಿ ಚಾಚಾ?"

"ಓದಾಕ ಬರದ ಮೆಸೇಜು, ಮುಟ್ಟದ ಕಾರ್ಡು. ಎಲ್ಲಾದಕ್ಕೂ ರೊಕ್ಕ ಹಿಡಿಲಿಕತ್ತೀರಿ. ಬಾಡಿಗಿ ಶಾಕೀರನ ಖಾತಿಗೇ ಹೋಗ್ಲಿ."

"ಮಗ ಕೊಡ್ತಾನಲ್ರಿ?"

"ಕೊಡ್ತಾನ. ಭಾಳ ಛಲೋ ಹುಡುಗ. ಆದ್ರ ಒಂದ್ ಕಪ್ ಚಹಾಕ್ಕೂ ಅವನ ಮುಂದ ಕೈ ಒಡ್ಡಬೇಕಲ್ಲ."

ಪ್ಯಾಕೇಜಿನಿಂದ ಒಬ್ಬರನ್ನೂ ಬಿಡಬೇಡ ಎಂದು ಬೆಳಿಗ್ಗೆಯಷ್ಟೇ ಮ್ಯಾನೇಜರ್ ಉದಯಕುಮಾರ ಹೇಳಿದ್ದರು. ಅವರ ಕ್ಯಾಬಿನ್ ಬಾಗಿಲು ತೆರೆದೇ ಇತ್ತು. ಕೇಳಿದರೆ ಕೇಳಲಿ ಎಂದುಕೊಂಡೆ.

"ಬಂದ್ ಮಾಡಬ್ಯಾಡ್ರಿ. ಸಾದಾ ಖಾತಿ ಅದ. ಪಾಸ್‌ಬುಕ್ ಕೊಡ್ತೀವಿ, ಶುಲ್ಕ ಇಲ್ಲ."

"ಮತ್ತ ಮದಲೇ ಯಾಕ ಹೇಳಲಿಲ್ಲ?"

"ಕೇಳಿದ್ರಷ್ಟೇ ಹೇಳು ಅಂದಾರ್ರಿ."

ಉದಯಕುಮಾರ ಬಾಗಿಲಿಗೆ ಬಂದು ನಿಂತು ನೋಡಿದರು. ನಾನು ಅರ್ಜಿ ತೆಗೆದು ಚಾಚಾ ಅವರ ಮುಂದಿಟ್ಟೆ. ಸಹಿ ಹಾಕಿದರು. ಖಾತೆ ಅವರ ಹೆಸರಲ್ಲೇ ಉಳಿಯಿತು. ಸಂಜೆ ಕ್ಯಾಬಿನ್ನಿನಲ್ಲಿ ನನಗೆ ಪೂಜೆ ಕಾದಿತ್ತು, ಅದು ಬೇರೆ.

ಊಟದ ಹೊತ್ತಿಗೆ ಹೊರಬಂದರೆ ಚಾಚಾ ಬೇವಿನ ಮರದ ಕೆಳಗಿನ ಬೆಂಚಿನಲ್ಲಿ ಕಾಯುತ್ತಿದ್ದರು. ನನ್ನನ್ನು ಕೂರಿಸಿ ಹಿಂದೆ ಬಂದು ನಿಂತರು.

"ಕೂದ್ಲೇ ಇಲ್ಲ, ಏನ್ ಕಟಿಂಗ್ ಮಾಡ್ತೀರಿ ಚಾಚಾ?"

"ಕಟಿಂಗ್ ಯಾರಿಗಿ ಬೇಕಾಗ್ಯದ? ಸುಮ್ಮ ಕುಂದ್ರು."

ಎಣ್ಣೆ ಇರಲಿಲ್ಲ. ನಡುಗುವ ಬೆರಳುಗಳು ನೆತ್ತಿಯ ಮೇಲೆ ಇಳಿದವು.