ಯಾರನ್ನೂ ನಂಬದ ನಿಜಗುಣಪ್ಪನ ಸೀಡಿ

ಬೀಗ ಹಾಕಿದವರು ಅದನ್ನು ಒಮ್ಮೆ ಜಗ್ಗಿ ನೋಡುವುದು ಲೋಕರೂಢಿ. ಬೈಲಹೊಂಗಲದ ನಿಜಗುಣಪ್ಪ ಮಂದಿ ಹಾಕಿದ ಬೀಗಗಳನ್ನೂ ಜಗ್ಗಿ ನೋಡುತ್ತಿದ್ದ. ಅಂಗಡಿಗಳು ಮುಚ್ಚಿದ ಮೇಲೆ ಅವನು ಬಜಾರದಲ್ಲಿ ಒಂದು ಸುತ್ತು ಹೊರಟನೆಂದರೆ ಬೀಗಗಳೆಲ್ಲ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದವಂತೆ. ಅವನ ಕೈಯಲ್ಲಿ ಬಾಯಿಬಿಟ್ಟ ಬೀಗವೊಂದರ ಕಂಪನಿಯೇ ಮುಳುಗಿಹೋಯಿತೆಂದು ಕಿತ್ತೂರಿನ ಕಡೆ ಹೇಳುತ್ತಿದ್ದರು. ತನ್ನ ಮದುವೆಯ ಹಂದರದಲ್ಲಿ, ಮಂದಿ ಇನ್ನೂ ಅಕ್ಕಿಕಾಳು ಹಾಕುತ್ತಿರುವಾಗಲೇ, ತಾನೇ ಕಟ್ಟಿದ ತಾಳಿಯ ಗಂಟನ್ನು ಎರಡು ಸಲ ಜಗ್ಗಿ ನೋಡಿದ ವೀರ ಅವನು. "ಅವತ್ತು ವಾಲಿದ ನನ್ನ ಗೋಣು ಇನ್ನೂ ನೆಟ್ಟಗಾಗಿಲ್ಲ" ಎಂದು ಹೆಂಡತಿ ಸುಂದರವ್ವ ಬಂದವರಿಗೆಲ್ಲ ಗೋಣು ತೋರಿಸುತ್ತಿದ್ದಳು.

ಇಂಥವನು ಹೊಟ್ಟೆಪಾಡಿಗೆ ಆರಿಸಿಕೊಂಡದ್ದು ಪೂರ್ತಿ ನಂಬಿಕೆಯ ಮೇಲೆ ನಡೆಯುವ ಉದ್ಯೋಗ. ಗಂಡು ಹೆಣ್ಣು ನೋಡಿ ಮದುವೆ ಕೂಡಿಸುವುದು. ಹುಡುಗ ಕುಡಿಯುವುದಿಲ್ಲ ಎಂದು ಮನೆಯವರು ಹೇಳಿದರೆ ಆ ಊರಿನ ಸಾರಾಯಿ ಅಂಗಡಿಯ ಎದುರು ಒಂದು ಸಂಜೆ ಕುಳಿತು ಬರುತ್ತಿದ್ದ. ಹೊಲಕ್ಕೆ ನೀರಾವರಿ ಇದೆ ಎಂದರೆ ಅವರ ಬಾವಿಗೆ ಹಗ್ಗ ಇಳಿಬಿಡುತ್ತಿದ್ದ. ಕಿತ್ತೂರಿನಿಂದ ರಾಮದುರ್ಗದವರೆಗೆ ಅವನನ್ನು ಕಂಡರೆ ಉರಿದು ಬೀಳುವ ವರರು ಊರಿಗಿಷ್ಟು ಜನ ಇದ್ದರು. ಹೆಣ್ಣು ಹೆತ್ತವರು ಮಾತ್ರ ಅವನ ಮಾತಿಲ್ಲದೆ ಹೆಜ್ಜೆ ಇಡುತ್ತಿರಲಿಲ್ಲ.

2003ರ ಸುಮಾರಿಗೆ ನಿಜಗುಣಪ್ಪ ಇಂಟರ್ನೆಟ್ ಏರಿದ. ಹುಬ್ಬಳ್ಳಿಯ ವಿಜಯ ಎಂಬುವನು ವಧು-ವರರ ವೆಬ್‌ಸೈಟೊಂದನ್ನು ಮಾಡಿಕೊಟ್ಟು, ಅದನ್ನು ಇಡಲು ಎಲ್ಲಿಯದೋ ಸರ್ವರಿನಲ್ಲಿ ಬಾಡಿಗೆಗೆ ಜಾಗವನ್ನೂ ಕೊಟ್ಟ. ಹಳ್ಳಿ ಹಳ್ಳಿ ತಿರುಗಿ ತಂದ ವಿವರಗಳನ್ನು ನಿಜಗುಣಪ್ಪ ಬಸ್ ಸ್ಟ್ಯಾಂಡ್ ಹತ್ತಿರದ ಮೀನಾಳ ಸೈಬರ್ ಸೆಂಟರಿನಲ್ಲಿ ಕುಳಿತು ಒಂದೇ ಬೆರಳಿನಿಂದ ನೇರವಾಗಿ ಸೈಟಿಗೆ ತುಂಬುತ್ತಿದ್ದ. ಮೀನಾ ಇಣುಕಬಾರದೆಂದು ತಲೆಯ ರುಮಾಲು ಬಿಚ್ಚಿ ತನಗೂ ಕಂಪ್ಯೂಟರಿಗೂ ಸೇರಿಸಿ ಹೊದ್ದುಕೊಳ್ಳುತ್ತಿದ್ದ. ನೋಡಿದವರಿಗೆ ಯಾರೋ ನೆಗಡಿಗೆ ಹಬೆ ತೆಗೆದುಕೊಳ್ಳುತ್ತಿದ್ದಂತೆ ಕಾಣುತ್ತಿತ್ತು. ಜಗತ್ತೇ ನೋಡಲೆಂದು ಇಟ್ಟದ್ದನ್ನು ಮೀನಾ ಒಬ್ಬಳು ನೋಡಬಾರದೆಂದು ಮುಚ್ಚುವುದು ಯಾವ ನ್ಯಾಯವೆಂದು ಅವನನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ತುಂಬಿ ಮುಗಿದ ಕೂಡಲೇ ವಿವರ ಬರೆದ ಕಾಗದಗಳನ್ನು ಮನೆಗೆ ಒಯ್ದು ನೀರೊಲೆಗೆ ಹಾಕುತ್ತಿದ್ದ. ಕಾಗದವನ್ನು ಕಳ್ಳರು ಒಯ್ಯಬಹುದು. ಕಂಪ್ಯೂಟರಿನ ಹೊಟ್ಟೆಯೊಳಗಿನದನ್ನು ಯಾರು ಒಯ್ದಾರು?

ವಿಜಯನ ಸರ್ವರು ಊರಿನ ಕರೆಂಟಿಗೆ ಖಾಸಾ ತಮ್ಮನಂತಿತ್ತು. ಬಂದರೆ ಬಂತು, ಹೋದರೆ ಹೋಯಿತು. ಫೋನ್ ಮಾಡಿದರೆ ಒಂದೇ ಉತ್ತರ.

"ಸರ್ವರ್ ಡೌನ್ ಐತ್ರಿ ಕಾಕಾ. ಇನ್ನೇನ್ ಮ್ಯಾಲ ಬರತೈತಿ."

"ಬಾವ್ಯಾಗ ಬಿದ್ದೈತೇನಲೇ ಮ್ಯಾಲ ಬರಾಕ? ಪಾತಾಳಗರಡಿ ತರಲೇನು?"

"ಸಿಟ್ಟಾಗಬ್ಯಾಡ್ರಿ. ನೀವೊಂದು ಬ್ಯಾಕಪ್ ಮಾಡಿ ಇಟ್ಕೋರಿ. ಎಲ್ಲಾದರದೂ ಒಂದು ನಕಲು ನಿಮ್ಮ ಕಡೆ ಇದ್ರ ಚಿಂತಿಲ್ಲ."

ವಿಜಯನ ಬಾಯಿಂದ ಬಂದ ಮಾತುಗಳಲ್ಲಿ ನಿಜಗುಣಪ್ಪನಿಗೆ ಸರಿ ಕಂಡದ್ದು ಇದೊಂದೇ. ಸೀಡಿಗೆ ಹಾಕಿಕೊಡುತ್ತೇನೆಂದು ಮೀನಾ ಮುಂದೆ ಬಂದಳು. "ನೀ ದೂರ ಕುಂಡ್ರವಾ" ಎಂದು ಅವಳನ್ನು ಅಟ್ಟಿ, ರುಮಾಲು ಹೊದ್ದು, ಪರದೆಯ ಮೇಲಿದ್ದ, ಒತ್ತಿದರೆ ತನ್ನ ಸೈಟು ತೆರೆಯುವ ಪುಟ್ಟ ಚಿತ್ರವನ್ನು ತಾನೇ ಎಳೆದು ಸೀಡಿಗೆ ಹಾಕಿದ. ಹಾಕಿದ ಮೇಲೆ ಬಿಟ್ಟಾನೆಯೇ? ಸೀಡಿ ಹೊರತೆಗೆದು, ಮತ್ತೆ ಒಳಗಿಟ್ಟು, ಒತ್ತಿ ನೋಡಿದ. ಕನ್ಯೆಯರೂ ವರರೂ ಒಬ್ಬರೂ ತಪ್ಪದಂತೆ ಸಾಲಾಗಿ ಬಂದು ನಿಂತರು. ಅಂದಿನಿಂದ ವಾರಕ್ಕೊಂದು ಹೊಸ ಸೀಡಿ, ಪ್ರತಿಯೊಂದಕ್ಕೂ ಅದೇ ಅಗ್ನಿಪರೀಕ್ಷೆ. ಹೊಸದು ನೆಹರೂ ಶರ್ಟಿನ ಒಳಗಿಸೆಯಲ್ಲಿ, ಹಳೆಯವು ಮನೆಯ ಸ್ಟೀಲ್ ಡಬ್ಬಿಯಲ್ಲಿ.

ಹೀಗಿರುವಾಗ ಸವದತ್ತಿಯಲ್ಲಿ ಗಂಗಪ್ಪ ಎಂಬ ಇನ್ನೊಬ್ಬ ದಲ್ಲಾಳಿ ತನ್ನದೂ ಒಂದು ಸೈಟು ತೆರೆದ. ನಿಜಗುಣಪ್ಪನ ಸೈಟಿನ ಪುಟಗಳನ್ನೆಲ್ಲ ಎತ್ತಿಕೊಂಡು, ದಲ್ಲಾಳಿಯ ಹೆಸರು ಮತ್ತು ಫೋನ್ ನಂಬರು ಎರಡನ್ನು ಮಾತ್ರ ಬದಲಿಸಿದ್ದ. ನಿಜಗುಣಪ್ಪ ಉರಿದ. ಉರಿದು ಸುಮ್ಮನೆ ಕೂಡಲಿಲ್ಲ, ಒಂದು ಬಲೆ ಹೆಣೆದ. ಸಂಗೊಳ್ಳಿಯ ಪ್ರಭುಲಿಂಗ ಎಂಬ ವರನನ್ನು ಸೈಟಿಗೆ ಸೇರಿಸಿದ. ಸರ್ಕಾರಿ ಎಂಜಿನಿಯರ್, ಹೊಲವೆಲ್ಲ ನೀರಾವರಿ, ಅಡುಗೆ ಬರುತ್ತದೆ, ಸಿಟ್ಟು ಬರುವುದಿಲ್ಲ, ವರದಕ್ಷಿಣೆ ಬೇಡ. ಇಂಥವನು ಭೂಮಿಯ ಮೇಲೆ ಇರಲಾರನೆಂದು ಯಾವ ಹೆಂಗಸಾದರೂ ಹೇಳುತ್ತಿದ್ದಳು. ವಾರದೊಳಗೆ ಪ್ರಭುಲಿಂಗ ಗಂಗಪ್ಪನ ಸೈಟಿನಲ್ಲೂ ಅವತರಿಸಿದ. ಅಲ್ಲಿ ಅವನಿಗೆ ಒಂದು ಟ್ರ್ಯಾಕ್ಟರ್ ಕೂಡ ಬಂದಿತ್ತು.

ನ್ಯಾಯ ಹತ್ತಿ ವ್ಯಾಪಾರಿ ವೀರಪ್ಪ ಸಾಹುಕಾರರ ಅಂಗಡಿಯ ಗಾದಿಗೆ ಹೋಯಿತು. ಊರಿನ ಜಗಳಗಳು ಅಲ್ಲಿ ಬಗೆಹರಿಯುತ್ತಿದ್ದವು.

"ಅಲ್ಲೋ ನಿಜಗುಣ, ಎತ್ತು ಕಳುವಾದ್ರ ಗ್ವಾದ್ಲಿ ಖಾಲಿ ಆಗತೈತಿ. ಅವ ಕದ್ದ ಮ್ಯಾಲೂ ನಿಂದು ನಿನ್ನ ಕಡೆನ ಐತಿ ಅಂತಿ. ಇದ್ಯಾವ ಸೀಮಿ ಕಳುವು?" ಎಂದರು ವೀರಪ್ಪ.

"ತಿರುಗಿ ತಿರುಗಿ ಚಪ್ಪಲಿ ಹರಕೊಂಡವ ನಾನ್ರಿ ಸಾವ್ಕಾರ್ರ. ಫೋನ್ ಹೋಗೂದು ಅವಗ!"

"ಬಯಲಾಗ ಇಟ್ಟದ್ದು ಎಲ್ಲಾರಿಗೂ ಕಾಣತೈತಿ. ನಾನೂ ನೋಡಿದ್ನಿ," ಎಂದ ಗಂಗಪ್ಪ.

"ನೋಡಿದ್ದಲ್ಲೋ ಹಲ್ಕಟ್, ನುಂಗಿದಿ. ಹಂಗಾರ ಸಂಗೊಳ್ಳಿ ಪ್ರಭುಲಿಂಗ ನಿನಗ ಹೆಂಗ ಗೊತ್ತು?"

"ಗೊತ್ತಿಲ್ಲೇನು? ಹ್ವಾದ ಸೋಮಾರ ಅವರ ಮನ್ಯಾಗ ಹೋಳಿಗಿ ಉಂಡು ಬಂದೇನಿ. ಭಾಳ ಸಂಭಾವಿತ ಹುಡುಗ."

"ಅವ ಹುಟ್ಟೇ ಇಲ್ಲಲೇ! ಅವನ್ನ ನಾ ಹುಟ್ಟಿಸಿದ್ದು!"

ಗಾದಿಯ ಮೇಲಿದ್ದವರು ಹತ್ತಿ ಅಂಡಿಗೆಗಳಿಗೆ ಒರಗಿ ಒರಗಿ ನಕ್ಕರು. ವೀರಪ್ಪ ತೀರ್ಪು ಕೊಟ್ಟರು: ಗಂಗಪ್ಪ ಈಗಿಂದೀಗಲೇ ಎಲ್ಲರೆದುರು ತನ್ನ ಸೈಟು ಪೂರ್ತಿ ಅಳಿಸಬೇಕು, ಮನೆಯಲ್ಲಿ ನಕಲಿದ್ದರೆ ಅದನ್ನೂ ಸುಡಬೇಕು.

ಮೆರವಣಿಗೆ ಮೀನಾಳ ಸೈಬರ್ ಸೆಂಟರಿಗೆ ಬಂತು. ಗಂಗಪ್ಪ ಮುಖ ಗಂಟಿಕ್ಕಿಕೊಂಡು ಕಂಪ್ಯೂಟರಿನ ಮುಂದೆ ಕುಳಿತ. ಗೆದ್ದವನ ಗತ್ತಿನಲ್ಲಿ ನಿಜಗುಣಪ್ಪ, "ಮೊದಲ ಅಸಲಿ ಯಾವುದು ಅಂತ ಮಂದಿ ನೋಡ್ಲಿ. ನಂದು ತಗಿಯವಾ ಮೀನಾ" ಎಂದ. ಪಕ್ಕದ ಕಂಪ್ಯೂಟರಿನಲ್ಲಿ ಮೀನಾ ತೆಗೆದಳು. ಬರಲಿಲ್ಲ. ಮತ್ತೊಮ್ಮೆ ಒತ್ತಿದಳು. ಖಾಲಿ ಬಿಳಿ ಪುಟ. ನಿಜಗುಣಪ್ಪ ವಿಜಯನಿಗೆ ಫೋನ್ ಹಚ್ಚಿದ.

"ಕಾಕಾ, ಈ ಸಲ ಡೌನ್ ಅಲ್ರಿ. ಸರ್ವರಿನ ಕಂಪನ್ಯವ್ರು ಗಂಟು ಕಟಗೊಂಡು ಓಡಿ ಹೋಗ್ಯಾರ. ಒಂದೂ ಉಳಿದಿಲ್ಲ. ನಿಮ್ಮ ಕಡೆ ಸೀಡಿ ಐತ್ಯಲ್ಲ, ಬ್ಯಾರೆ ಕಡೆ ಏರಿಸಿ ಕೊಡತೇನಿ."

ನಿಜಗುಣಪ್ಪ ಮುಗುಳ್ನಕ್ಕ. ಜೀವಮಾನವೆಲ್ಲ ಯಾರನ್ನೂ ನಂಬದೆ ಕಾಯ್ದುಕೊಂಡದ್ದು ಈ ಗಳಿಗೆಗಾಗಿಯೇ. ಒರೆಯಿಂದ ಕತ್ತಿ ಹಿರಿಯುವಂತೆ ಒಳಗಿಸೆಯಿಂದ ಸೀಡಿ ಹಿರಿದು ಮೀನಾಳಿಗೆ ಕೊಟ್ಟ. ಅವಳು ತೆರೆದಳು. ಒಳಗೆ ಒಂದೇ ಒಂದು ಪುಟ್ಟ ಚಿತ್ರ. ಒತ್ತಿದರೆ ಅದೇ ಖಾಲಿ ಬಿಳಿ ಪುಟ.

"ಕಾಕಾ, ಇದು ಸೈಟ್ ಅಲ್ರಿ," ಎಂದಳು ಮೀನಾ ಮೆಲ್ಲಗೆ. "ಸೈಟಿಗೆ ಹೋಗೋ ದಾರಿ ಅಷ್ಟ. ಮನಿ ಇರೋತನಕ ದಾರಿ ಮನಿಗೆ ಮುಟ್ಟಸ್ತಿತ್ತು. ಈಗ ಮನಿನ ಇಲ್ಲ."

"ಮನ್ಯಾಗ ಡಬ್ಬಿ ತುಂಬ ಅದಾವು."

"ಎಲ್ಲಾ ಹಿಂಗ ಮಾಡಿದ್ರೇನ್ರಿ?"

"ಹೂಂ."

"ಹಂಗಾರ ಡಬ್ಬಿ ತುಂಬ ದಾರಿ ಅದಾವು."

ಮೂರು ವರ್ಷದ ತಿರುಗಾಟ ಆ ಬಿಳಿ ಪುಟದಲ್ಲಿ ಕರಗಿಹೋಯಿತು. ಕಾಗದಗಳು ಎಂದೋ ಸ್ನಾನದ ನೀರು ಕಾಸಿ ಬೂದಿಯಾಗಿದ್ದವು. ಸಾಲಹಳ್ಳಿಯ ಒಬ್ಬ ತಂದೆ ತನ್ನ ಮಗಳ ಕಾಲಿನ ಊನವನ್ನು ಮುಚ್ಚಿಡದೆ ಹೇಳಿ, ಇದನ್ನೂ ಬರೆಯಿರಿ ಎಂದಿದ್ದ. ಈ ಸೀಗಿ ಹುಣ್ಣಿಮೆಯೊಳಗೆ ಅವಳಿಗೊಂದು ಮನೆ ಹುಡುಕುತ್ತೇನೆಂದು ನಿಜಗುಣಪ್ಪ ಮಾತು ಕೊಟ್ಟಿದ್ದ. ಆ ಹುಡುಗಿಯ ಹೆಸರು ಈಗ ನೆನಪಿಗೆ ಬರಲೊಲ್ಲದು. ಅಂಥ ಹೆಸರುಗಳೆಲ್ಲ ಉಳಿದಿರುವುದು ಒಂದೇ ಕಡೆ. ಅಲ್ಲಿ ಗಂಗಪ್ಪನ ಬೆರಳು ಮೌಸಿನ ಮೇಲೆ ಕುಳಿತಿತ್ತು.

"ಅಳಸಲೇನ್ರಿ ಸಾವ್ಕಾರ್ರ?"

"ತಡೀ!" ಎಂದು ಚೀರಿದ ನಿಜಗುಣಪ್ಪ.

ಗಂಗಪ್ಪ ಪೆದ್ದನಲ್ಲ. ಅತ್ತ ಬಿಳಿ ಪುಟ, ಇತ್ತ ಬಿಳಿಚಿದ ಮುಖ, ಎರಡನ್ನೂ ನೋಡಿದ. ಅವನೊಳಗೆ ಒಮ್ಮೆಲೇ ಧರ್ಮ ಜಾಗೃತವಾಯಿತು.

"ಏ ಇಲ್ಲಪಾ. ಹಿರ್ಯಾರು ಹೇಳಿದ ಮ್ಯಾಲ ಮುಗೀತು. ಕದ್ದ ಮಾಲು ನನಗ ಒಂದ ಗಳಿಗಿನೂ ಬ್ಯಾಡ."

"ಇಷ್ಟ ದಿನ ಬೇಕಾಗಿತ್ತಲ್ಲೋ! ಇಟ್ಕೋ ಇನ್ನೊಂದ ತಾಸು. ಮೀನಾ ನಕಲು ತಗೀಲಿ."

"ಕಳ್ಳನ ಕೈಯಿಂದ ಇಸಗೋತಿಯಾ? ನಿನ್ನಂಥ ದೊಡ್ಡ ಮನಶಾ?"

"ಏನ್ ಬೇಕೋ ನಿನಗ?"

"ನಾ ಕಳ್ಳ ಅಲ್ಲ ಅಂತ ಇಲ್ಲೇ, ಎಲ್ಲಾರ ಮುಂದ ಹೇಳು. ಈ ನಕಲು ನಾ ಕದ್ದಿಲ್ಲ, ಕಾಯ್ಕೊಂಡಿರು ಅಂತ ನೀನ ಕೊಟ್ಟಿದ್ದಿ."

ನಿಜಗುಣಪ್ಪ ಸುತ್ತ ನೋಡಿದ. ಸಾಹುಕಾರರು, ಹಮಾಲರು, ಚಹಾದ ಕಪ್ಪು ಹಿಡಿದೇ ಓಡಿ ಬಂದ ಎದುರಿನ ಹೋಟೆಲಿನವರು, ಎಲ್ಲರ ಬಾಯಿಯೂ ತೆರೆದಿತ್ತು. ಸುಳ್ಳು ಹೇಳಿದ ವರರ ಮುಖದ ಮೇಲೇ ಅವರ ಜಾತಕ ಬಿಚ್ಚಿಟ್ಟ ಆ ಬಾಯಿ ಈಗ ತಾನೇ ಸುಳ್ಳು ಹೇಳಬೇಕಿತ್ತು.

"ಇವ... ಕಳ್ಳ ಅಲ್ಲ," ಎಂದ. ಒಂದೊಂದು ಶಬ್ದವೂ ಹಲ್ಲು ಕಿತ್ತಂತೆ ಹೊರಬಿತ್ತು. "ನಾನ ಇವನ ಕಡೆ ಬ್ಯಾಕಪ್ ಇಟ್ಟಿದ್ನಿ."

"ಹಿಂದಿನವ್ರಿಗೆ ಕೇಳಲಿಲ್ಲಂತ."

"ಬ್ಯಾಕಪ್ ಇಟ್ಟಿದ್ನಿ! ನಿನ್ನ ಬಾಯಿಗೆ ಮಣ್ಣ ಹಾಕ!"

ಮೀನಾ ಎಲ್ಲ ಪುಟಗಳನ್ನೂ ಒಂದೊಂದಾಗಿ ಸೀಡಿಗೆ ಇಳಿಸಿದಳು. ಆಮೇಲೆ ಇಂಟರ್ನೆಟ್ಟಿನ ವೈರು ಕಿತ್ತುಹಾಕಿ ತೆರೆದು ತೋರಿಸಿದಳು. ಸಾಲಹಳ್ಳಿಯ ಹುಡುಗಿ ಮೊದಲ ಪುಟದಲ್ಲೇ ಇದ್ದಳು, ಹೆಸರು ಪ್ರಣಿತಾ.

ಸಾಹುಕಾರರು ಮಾತ್ರ ಬೆರಗಾಗಿ ಕುಳಿತಿದ್ದರು. "ಎಂಥಾ ತಲಿ ನೋಡ್ರಿ! ಗೆಳ್ಯಾನ ಕಡೆ ಇಟ್ರ ಅವ ಮರೀತಾನ. ದುಷ್ಮನ್ ಕಡೆ ಇಟ್ರ ಒಂದಕ್ಷರ ಬಿಡದಂಗ ಕಾಯ್ತಾನ!" ಪ್ರಭುಲಿಂಗನ ಸಂಗತಿಯನ್ನು ಊರು ಅಲ್ಲಿಗೇ ಮರೆತುಬಿಟ್ಟಿತು. ಹತ್ತಿಯ ಗಾಡಿಗಳ ಜೊತೆ ಹೊಸ ಕಥೆ ಕಿತ್ತೂರಿಗೆ ಹೋಯಿತು, ಯಲ್ಲಮ್ಮನ ಭಕ್ತರ ಜೊತೆ ಉಗರಗೋಳಕ್ಕೆ ಹೋಯಿತು. ಹೋದಲ್ಲೆಲ್ಲ ದಪ್ಪವಾಯಿತು. ವೈರಿಯ ಕೋಟೆಯಲ್ಲೇ ತನ್ನ ಖಜಾನೆ ಬಚ್ಚಿಟ್ಟ ಚಾಣಾಕ್ಷ ಎಂದು ನಿಜಗುಣಪ್ಪನನ್ನು ನೋಡಲು ಮಂದಿ ಬರತೊಡಗಿದರು. ಗಂಗಪ್ಪನಂತೂ ತನ್ನ ಸೈಟನ್ನು ಹೆಮ್ಮೆಯಿಂದ ನಡೆಸುತ್ತ, ಕೇಳಿದವರಿಗೆಲ್ಲ ತಾನು ನಿಜಗುಣಪ್ಪನ ಅಧಿಕೃತ ಕಾವಲುಗಾರ ಎನ್ನುತ್ತಿದ್ದ. ಅದನ್ನು ಕೇಳಿದ ದಿನ ನಿಜಗುಣಪ್ಪನಿಗೆ ಊಟ ಸೇರುತ್ತಿರಲಿಲ್ಲ.

ರಾಮದುರ್ಗದ ಸೀರೆ ವ್ಯಾಪಾರಿ ಬಾಳು ಹೊಸದಾಗಿ ವೆಬ್‌ಸೈಟು ತೆರೆದಿದ್ದ. ಒಂದು ಮಧ್ಯಾಹ್ನ ಅವನು ಕರದಂಟಿನ ಡಬ್ಬಿ ಹಿಡಿದು ನಿಜಗುಣಪ್ಪನ ಮನೆಗೆ ಬಂದ. ಕಾಲುಮುಟ್ಟಿ ನಮಸ್ಕರಿಸಿ ಕೈಕಟ್ಟಿ ಕುಳಿತ.

"ಕಾಕಾ, ನಮ್ಮ ಕಡೆ ಎಲ್ಲಾರ ಬಾಯಾಗೂ ನಿಮ್ಮದ ಮಾತ್ರಿ. ಗಂಗಪ್ಪನಂಥ ಹಗೀ ಮನ್ಯಾಗ ಬ್ಯಾಕಪ್ ಇಡಬೇಕು ಅಂತ ನಿಮಗ ಹೆಂಗ ಹೊಳೀತ್ರಿ?"

ನಿಜಗುಣಪ್ಪ ಡಬ್ಬಿಯಿಂದ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು, ಅಗಿದು, ನುಂಗಿ, ಹೇಳಿದ:

"ನಾ ಇಟ್ಟಿದ್ದಿಲ್ಲೋ ತಮ್ಮಾ. ಅವ ಕದ್ದಿದ್ದ."